ಗೋಮಾಳಕ್ಕೆ ತಿಮ್ಮರಾಯಪ್ಪನ ಒಪ್ಪಿಗೆ

ಚನ್ನರಾಯನದುರ್ಗದ ಬೆಟ್ಟದ ಕೆಳಗಿನ ಆ ಹಳ್ಳಿಯಲ್ಲಿ ಒಂದು ರೂಢಿ ಇದೆ. ಊರಿಗೆಲ್ಲ ಸೇರಿದ ಗೋಮಾಳದಲ್ಲಿ ಏನು ಕಟ್ಟಬೇಕೆಂದರೂ ಅಲ್ಲಿ ಕುರಿ ಮೇಯಿಸುವ ಹಿರಿಯ ‘ಆಗ್ಲಿ’ ಅನ್ನಬೇಕು. ಕಾನೂನಿನಲ್ಲಿ ಆ ಮಾತಿಗೆ ಕವಡೆ ಕಾಸಿನ ಬೆಲೆಯಿಲ್ಲ. ಆದರೂ ಠರಾವು ಬರೆಯುವ ಮುಂಚೆ ಪಂಚಾಯಿತಿಯವರು ತಿಮ್ಮರಾಯಪ್ಪನತ್ತ ತಿರುಗುತ್ತಾರೆ, ಪಾಪ ಅಂಟದಿರಲಿ ಎಂದೋ ಏನೋ.

ಅವನು ಯಾವತ್ತೂ ಇಲ್ಲ ಅಂದವನಲ್ಲ. ಅಂಗನವಾಡಿಗೆ ಆಗ್ಲಿ ಅಂದ. ಹಾಲಿನ ಡೇರಿಗೆ, ನೀರಿನ ಟ್ಯಾಂಕಿಗೆ, ಕೊನೆಗೆ ಕಸದ ಘಟಕಕ್ಕೂ ಆಗ್ಲಿ ಅಂದ. ಎಲ್ಲವೂ ಊರಿಗೆ ಬೇಕಾದದ್ದೇ, ಬೇಡ ಅನ್ನುವುದಾದರೂ ಹೇಗೆ? ಹಾಗೆ ಅಂದೂ ಅಂದೂ ಅವನ ಮಂದೆಗೆ ಉಳಿದದ್ದು ಕೆರೆಯ ಕಡೆಯ ಒಂದು ಇಳಿಜಾರು. ಜಾನುವಾರಿಗೆ ತಕ್ಕಷ್ಟು ಗೋಮಾಳ ಉಳಿಸಬೇಕೆಂಬ ನಿಯಮವಿದೆ. ಗೋಡೆಬರಹದಂತೆ ಇದೆ, ಓದುವವರಿಲ್ಲ.

ಕಳೆದ ವರ್ಷದ ಗ್ರಾಮಸಭೆಯಲ್ಲಿ ಆ ಇಳಿಜಾರನ್ನೂ ಮನೆಯಿಲ್ಲದವರ ಸೈಟಿಗೆಂದು ಕೇಳಿದರು. ತಿಮ್ಮರಾಯಪ್ಪ ಎದ್ದು ನಿಂತ.

“ಸೈಟ್ ಕೊಡಿ, ಬ್ಯಾಡ ಅನ್ನಲ್ಲ. ಆ ಕಡೆ ವೃಷಭೇಂದ್ರಪ್ನೋರು ಗೋಮಾಳಕ್ಕೆ ಬೇಲಿ ಸುತ್ತಿ ದಾಳಿಂಬೆ ಇಟ್ಟವ್ರಲ್ಲ, ಅಲ್ಲಿ ಕೊಡಿ. ಇದೊಂದು ನನ್ ಕುರಿಗೆ ಬುಟ್ಬುಡಿ.”

ಮಾಜಿ ಅಧ್ಯಕ್ಷ ವೃಷಭೇಂದ್ರಪ್ಪ ಮುಂದಿನ ಕುರ್ಚಿಯಲ್ಲೇ ಕೂತಿದ್ದ. ಮೊಬೈಲಿನಿಂದ ತಲೆ ಎತ್ತಲಿಲ್ಲ.

“ಅದು ಕೋರ್ಟ್‌ನಾಗೈತೆ ಕಣಣ್ಣ,” ಎಂದ ಈಗಿನ ಅಧ್ಯಕ್ಷ ಬಸವೇಶ್. “ನಿನ್ ಮಗ್ಳ ಹೆಸ್ರೂ ಸೈಟಿಗೆ ಬಂದೈತೆ. ಕುರಿ ದೊಡ್ದಾ, ಮಗ್ಳು ದೊಡ್ದಾ?”

“ಕೋರ್ಟ್ ಮುಗೀಲಿ. ಆಮೇಕೆ ಅವ್ಳಿಗೂ ಅಲ್ಲೇ ಕೊಡಿ.”

ಮಗಳು ವನಜಾಕ್ಷಿ ಹೆಂಗಸರ ಸಾಲಿನಲ್ಲಿದ್ದಳು. ಮದುವೆಯಾದಾಗಿನಿಂದ ಅವಳ ಸಂಸಾರವೆಲ್ಲ ಬಾಡಿಗೆಯ ಒಂದೇ ಕೋಣೆಯಲ್ಲಿ.

“ಅಪ್ಪಯ್ಯ, ಆ ಕೇಸು ಮುಗಿಯೋ ಹೊತ್ಗೆ ನನ್ ಮಕ್ಳು ಮೊಮ್ಮಕ್ಳ ಕಾಣ್ತವೆ,” ಎಂದಳು.

ಸಭೆ ನಕ್ಕಿತು. ಅವಳು ನಗಲಿಲ್ಲ.

ತಿಮ್ಮರಾಯಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡ. “ಆಗ್ಲಿ,” ಅಂದ.

ಬೇಲಿ ಹಾಕಿದವನನ್ನು ಬಿಟ್ಟು, ಉಳಿದ ಒಂದು ತುಂಡಿಗೆ ಅಪ್ಪನನ್ನೂ ಮಗಳನ್ನೂ ಎದುರುಬದುರು ನಿಲ್ಲಿಸುವುದಕ್ಕೆ ನಮ್ಮಲ್ಲಿ ಭೂಸುಧಾರಣೆ ಅನ್ನುತ್ತಾರೆ. ಹಂತಹಂತವಾಗಿ ನಡೆಯುತ್ತದಂತೆ.

ಈಗ ಅವನು ಕೊರಟಗೆರೆ ರಸ್ತೆಯ ಅಂಚಿನಲ್ಲಿ ಕುರಿ ಮೇಯಿಸುತ್ತಾನೆ. ಲಾರಿ ಬಂದರೆ ಮಂದೆಯನ್ನು ಚರಂಡಿಗೆ ಇಳಿಸಿಕೊಂಡು ನಿಲ್ಲುತ್ತಾನೆ. ಇಳಿಜಾರಿನಲ್ಲಿ ವನಜಾಕ್ಷಿಯ ಮನೆ ಲಿಂಟಲ್ ಮಟ್ಟಕ್ಕೆ ಎದ್ದಿದೆ. ನೋಡಿದೆಯಾ ಎಂದು ಯಾರಾದರೂ ಕೇಳಿದರೆ, “ಎಲ್ಲಿ ಸ್ವಾಮಿ, ಈ ರೋಡ್‌ನಾಗೆ ಇವನ್ನ ಬುಟ್ಟು ಹೆಂಗೋಗ್ಲಿ?” ಅನ್ನುತ್ತಾನೆ.