ಪ್ರಯೋಗಶಾಲೆಯಲ್ಲಿ ಉಪ್ಪು ನೋಡಿದ ಅಮ್ಮ

ನಲವತ್ತೊಂದನೇ ವಯಸ್ಸಿನಲ್ಲಿ ಅಮ್ಮ ನರ್ಸ್ ಆಗುತ್ತೇನೆಂದು ಹೊರಟಾಗ ಮನೆಯಲ್ಲಿ ಮೊದಲು ನಕ್ಕವಳು ನಾನೇ. ಅವಳು ಹದಿನೆಂಟು ವರ್ಷದಿಂದ ಆಸ್ಪತ್ರೆಯ ಅಡುಗೆಮನೆಯಲ್ಲಿ ಅಡುಗೆ ಮಾಡುತ್ತಿದ್ದವಳು. ಸೂಪು ಕೊಟ್ಟು ಬಾ ಎಂದು ವಾರ್ಡಿಗೆ ಕಳಿಸಿದರೆ, ಅದನ್ನು ಕುಡಿಸಿ, ದಿಂಬು ಸರಿಮಾಡಿ, ರೋಗಿಗೆ ತನ್ನ ಸೊಸೆಯ ಮೇಲಿದ್ದ ದೂರನ್ನೆಲ್ಲ ಕೇಳಿಯೇ ಬರುತ್ತಿದ್ದಳು. ಅಷ್ಟರಲ್ಲಿ ಒಲೆಯ ಮೇಲಿನ ಪಾತ್ರೆ ತಳ ಹಿಡಿದಿರುತ್ತಿತ್ತು.

"ನಿನ್ನ ಮನಸ್ಸೆಲ್ಲ ವಾರ್ಡಲ್ಲೇ ಇದೆ. ಆ ಕೆಲಸಾನೇ ಕಲಿತುಬಿಡು," ಎಂದವರು ಬಸ್ ಓಡಿಸುವ ನಮ್ಮಪ್ಪ.

ನರ್ಸಿಂಗ್ ಸೇರುವ ಮುಂಚೆ ಒಂದು ವರ್ಷ ವಿಜ್ಞಾನ ಓದಬೇಕಿತ್ತು. ಜೀವಶಾಸ್ತ್ರ ಹೇಗೋ ಒಗ್ಗಿತು. ರಸಾಯನಶಾಸ್ತ್ರ ಮಾತ್ರ ಕಬ್ಬಿಣದ ಕಡಲೆ. ಅದರ ಪ್ರಯೋಗ ಪರೀಕ್ಷೆಗೆ ಇದ್ದದ್ದು ಎರಡೇ ಅವಕಾಶ. ಎರಡೂ ಕೈಕೊಟ್ಟರೆ ನರ್ಸಿಂಗ್ ಸೀಟು ಹೋದಂತೆಯೇ. ಕಾಲೇಜಿನಲ್ಲಿ ಅದೇ ವಿಷಯ ಓದುತ್ತಿದ್ದ ನಾನು ಅಮ್ಮನಿಗೆ ಗುರು. ಗುರುವಿಗೆ ತಾಳ್ಮೆ ಸಾಸಿವೆ ಕಾಳಿನಷ್ಟೂ ಇರಲಿಲ್ಲ.

"ಎಷ್ಟು ಸಲ ಹೇಳ್ಬೇಕಮ್ಮಾ? ಆಮ್ಲ ಬೇರೆ, ಕ್ಷಾರ ಬೇರೆ!"

"ಕಿರುಚಬೇಡ ಕಣೇ. ನಿಂಗೆ ಚಮಚ ಹಿಡಿಯೋದು ಕಲಿಸೋವಾಗ ನಾನೇನು ಕಿರುಚಿದ್ನಾ?"

"ಕಿರುಚಿದ್ದೆ."

"ಹೌದಾ? ಸರಿ ಹಾಗಾದ್ರೆ, ಮುಂದೆ ಹೇಳು."

ಮೊದಲ ಪರೀಕ್ಷೆಯಲ್ಲಿ ಹೆಸರಿಲ್ಲದ ನಾಲ್ಕು ಬಾಟಲಿ ಕೊಟ್ಟು, ಯಾವುದರಲ್ಲಿ ಏನಿದೆ ಪತ್ತೆಮಾಡಿ ಎಂದರಂತೆ. ಸಾರಿನ ಸೌಟು ಕಂಡರೆ ರುಚಿ ನೋಡಲು ತಾನಾಗಿ ಚಾಚುವ ಕೈ ಅದು. ಅಮ್ಮ ಮೊದಲ ಬಾಟಲಿಯಿಂದ ಅಂಗೈಗೆ ಒಂದು ಹನಿ ಬಿಟ್ಟುಕೊಂಡು ನೆಕ್ಕಿಯೇಬಿಟ್ಟಳು!

"ಉಪ್ಪು, ಮೇಡಂ. ಸ್ವಲ್ಪ ಜಾಸ್ತಿ ಆಗಿದೆ."

ಎಲ್ಲವನ್ನೂ ತೂಗಿ ನೋಡುವ ಆ ಟೀಚರಿಗೆ ಕ್ಲಾಸಿನ ಹುಡುಗಿಯರು ಇಟ್ಟ ಹೆಸರು ತಕ್ಕಡಿ ಮೇಡಂ. ಅವರು ಬೆಚ್ಚಿಬಿದ್ದರಂತೆ. "ಉತ್ತರ ಸರಿ. ಆದ್ರೆ ಪಕ್ಕದ ಬಾಟಲಿ ಮೊದಲು ಎತ್ತಿದ್ರೆ ನಾಲಿಗೆ ಸುಟ್ಟುಹೋಗ್ತಿತ್ತು. ಹೊರಗೆ ನಡೀರಿ!" ಅಂಕ ಸೊನ್ನೆ. ಅಪ್ಪ ಬಿಕ್ಕಳಿಕೆ ಬರುವಷ್ಟು ನಕ್ಕರು. ಅಮ್ಮನೂ ನಕ್ಕಳು, ಆಮೇಲೆ ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದಳು.

ಎರಡನೇ ಸಲದ್ದು ಹನಿ ಲೆಕ್ಕದ ಪ್ರಯೋಗ. ಗಾಜಿನ ಕೊಳವೆಯಿಂದ ದ್ರಾವಣವನ್ನು ಹನಿಹನಿಯಾಗಿ ಬಿಟ್ಟು, ಕೆಳಗಿನದು ತಿಳಿಗುಲಾಬಿಯಾದ ಕ್ಷಣವೇ ನಿಲ್ಲಿಸಿ, ಎಷ್ಟು ಮಿಲಿಲೀಟರ್ ಇಳಿಯಿತೆಂದು ಬರೆಯಬೇಕು. ನಾನು ಗುಟ್ಟು ಹೇಳಿಕೊಟ್ಟೆ: "ಪ್ರತಿ ವರ್ಷ ಉತ್ತರ ಹತ್ತೇ. ನಿಂಗೆ ಎಷ್ಟಾದ್ರೂ ಬರಲಿ, ಸುಮ್ನೆ ಹತ್ತು ಅಂತ ಬರೆದುಬಿಡು. ಎಲ್ಲರೂ ಮಾಡೋದು ಅದನ್ನೇ."

ಪರೀಕ್ಷೆಯ ದಿನ ಅಮ್ಮ ಬಾಯಿಗೆ ಬಟ್ಟೆ ಕಟ್ಟಿಕೊಂಡು ಒಳಗೆ ಹೋದಳು. ಯಾಕೆಂದು ಕೇಳಿದ ಮೇಡಂಗೆ, "ನನ್ನ ನಾಲಿಗೆ ಮೇಲೆ ನಂಗೇ ನಂಬಿಕೆ ಇಲ್ಲ," ಎಂದಳಂತೆ. ಎರಡು ಗಂಟೆ ಕಳೆದು ಹೊರಬಂದಾಗ ಬೆಂಚಿನ ಮೇಲೆ ಕಾಯುತ್ತಿದ್ದ ನಾನು ಎದ್ದು ಓಡಿದೆ.

"ಎಷ್ಟು ಬಂತು?"

"ಹದಿಮೂರೂವರೆ."

"ಬರೆದದ್ದು?"

"ಹದಿಮೂರೂವರೆ. ಮೂರು ಸಲ ಮಾಡಿದೆ ಕಣೇ, ಮೂರು ಸಲಾನೂ ಅಷ್ಟೇ. ಕಣ್ಣಾರೆ ಕಂಡದ್ದು ಬಿಟ್ಟು ಬೇರೆ ಹೇಗೆ ಬರೀಲಿ?"

ನನ್ನ ಪಿತ್ತ ನೆತ್ತಿಗೇರಿತು. "ಅಷ್ಟು ಬಡ್ಕೊಂಡೆನಲ್ಲ! ಹೋಯ್ತು, ಸೀಟಿಗೆ ಎಳ್ಳುನೀರು ಬಿಟ್ಟಾಯ್ತು!" ಅಮ್ಮ ಸೆರಗಿನಿಂದ ಕಣ್ಣೊತ್ತಿಕೊಂಡಳು. ತಪ್ಪಾಯಿತು ಎನ್ನುವ ಬದಲು ನಾನು ಅವಳ ಚೀಲ ತೆಗೆದುಕೊಂಡು ಹೆಗಲಿಗೆ ಹಾಕಿಕೊಂಡೆ.

ಅಷ್ಟರಲ್ಲಿ ತಕ್ಕಡಿ ಮೇಡಂ ಉತ್ತರ ಪತ್ರಿಕೆಗಳ ಕಟ್ಟು ಹಿಡಿದು ಬಾಗಿಲಿಗೇ ಬಂದರು.

"ಈ ಸಲ ದ್ರಾವಣ ನಾನೇ ಬದಲಾಯಿಸಿದ್ದೆ. ಹನ್ನೆರಡು ಜನದಲ್ಲಿ ಒಂಬತ್ತು ಜನ ನೋಡ್ದೇನೇ ಹತ್ತು ಅಂತ ಬರೆದಿದ್ದಾರೆ. ನಾಳೆ ರೋಗಿಯ ಜ್ವರಾನೂ ಹೀಗೇ ಬರೀತಾರೆ. ನೀವು ಪಾಸು ಕಣ್ರೀ. ಆ ಬಟ್ಟೆ ಬಿಚ್ಚಿ ಉಸಿರಾಡಿ ಮೊದಲು."

ಅಮ್ಮ ಅಳುತ್ತ ನಗುತ್ತ ನನ್ನನ್ನು ಬಾಚಿ ತಬ್ಬಿಕೊಂಡಳು. ಹತ್ತು ಎಂದು ಹೇಳಿಕೊಟ್ಟವಳು ಪಕ್ಕದಲ್ಲೇ ನಿಂತಿದ್ದಾಳೆಂದು ಮೇಡಂ ಮುಂದೆ ಬಾಯಿಬಿಡಲಿಲ್ಲ.

ಗೇಟು ದಾಟಿದ ಮೇಲೆ ನಾನೇ ಹೇಳಿದೆ. "ಅಮ್ಮಾ, ತಪ್ಪಾಯ್ತು. ನಿನ್ನ ಜಾಗದಲ್ಲಿ ನಾನಿದ್ದಿದ್ರೆ ಫೇಲ್ ಆಗ್ತಿದ್ದೆ."

"ಗೊತ್ತು ಕಣೇ," ಎಂದಳು ಅಮ್ಮ. "ಬೇಗ ಬೇಗ ನಡಿ, ನಿಮ್ಮಪ್ಪನಿಗೆ ಹೇಳ್ಬೇಕು."