ಗೂಟದಲ್ಲಿ ತೂಗುತ್ತಿದ್ದ ಉಡಿ

ನಾಗಕ್ಕಾ, ನಿನ್ನನ್ನು ತವರಿಗೆ ಕರೆದು ಬಾ ಎಂದು ಅಪ್ಪ ನನ್ನನ್ನು ಇಟ್ಟಿಗಿಗೆ ಕಳಿಸಿದ್ದ. ಕುಂಕುಮದ ಬಟ್ಟಲು, ಮಡಿಲಿಗೆ ತುಂಬುವ ಉಡಿಯ ಚೀಲ ಎಲ್ಲ ಕೊಟ್ಟು ಕಳಿಸಿದ್ದ. ನಾನು ನಿನ್ನ ಮನೆಯ ಎದುರಿಗೇ ಬಂದು ನಿಂತೆ. ಒಳಗೆ ಬರಲಿಲ್ಲ. ಹಾಗೇ ಹಿಂದಿರುಗಿ ಹೋಗಿ, ‘ಅಕ್ಕ ಬರಲ್ಲಂತ’ ಎಂದು ಅಪ್ಪನಿಗೆ ಹೇಳಿದೆ. ನೀನು ಹಾಗೆ ಹೇಳಿರಲಿಲ್ಲ. ನಿನ್ನನ್ನು ಯಾರೂ ಕೇಳಿರಲೇ ಇಲ್ಲ.

ಈ ಹಾಳೆಗಳನ್ನು ನಿನ್ನ ಕೈಗೆ ಕೊಡುವುದಿಲ್ಲ. ನಾಳೆ ಬಾಯಿಂದಲೇ ಹೇಳುತ್ತೇನೆ. ಆದರೆ ನಿನ್ನ ಹೆಸರಿನಲ್ಲಿ ಸುಳ್ಳು ಹೇಳಿದ್ದು ಇದೇ ಬಾಯಿ — ಎದುರು ನಿಂತಾಗ ತನಗೆ ಸಲ್ಲುವಷ್ಟು ಹೇಳಿ ಉಳಿದದ್ದನ್ನು ನುಂಗಿಬಿಟ್ಟೀತು. ಅದಕ್ಕೇ ಮೊದಲು ಬರೆದು ನೋಡುತ್ತಿದ್ದೇನೆ. ಆದದ್ದನ್ನು ಆದ ಹಾಗೇ.

ತಮ್ಮ ಬಸವರಾಜನ ಮದುವೆಯ ದಿನ ನಿನಗೆ ನೆನಪಿರುತ್ತದೆ. ಬೀಗರ ಗದ್ದಲದಲ್ಲಿ ಭಾವನನ್ನು ಮೊದಲ ಪಂಕ್ತಿಗೆ ಕರೆಯುವುದು ಮರೆತುಹೋಯಿತು. ಮನೆಯ ಹಿರಿಯ ಅಳಿಯ ಕಂಬಕ್ಕೆ ಆತು ನಿಂತಿದ್ದ, ಎಲೆಗಳೆಲ್ಲ ತುಂಬಿದವು. ನೀವಿಬ್ಬರೂ ಉಣ್ಣದೆ ಹೊರಟಿರಿ. ಅಪ್ಪ ‘ಹೋದ್ರ ಹೋಗ್ಲಿ’ ಅಂದುಬಿಟ್ಟ. ತಡೆಯಲು ಅವ್ವ ಆಗಲೇ ಇರಲಿಲ್ಲ. ಆಮೇಲೆ ನೀನು ಕೂಡ್ಲಿಗಿಯ ಕಡೆ ಮುಖ ಹಾಕಲಿಲ್ಲ, ಇಲ್ಲಿಂದಲೂ ಯಾರೂ ಬರಲಿಲ್ಲ.

ಬಸವರಾಜನ ಹೆಂಡತಿ ಗಂಗಾ ಬಸುರಿಯಾದಳು, ಸೀಮಂತದ ಕುಬಸಕ್ಕೆ ದಿನ ಗೊತ್ತಾಯಿತು. ಬಳಗವೆಲ್ಲ ಸೇರುವ ಮೊದಲು ಅಪ್ಪ ನನ್ನನ್ನು ಕರೆಸಿದ.

“ಸುವರ್ಣಿ, ಬಸ್ಯಾನ ಹೇಂತಿಗೆ ಅಡ್ಡಾಡಾಕ ಆಗಲ್ಲ. ನಿಮ್ಮವ್ವ ಇಲ್ಲ. ನೀನ ಹೋಗವ್ವ. ನಾಗಿ ಹಠಮಾರಿ ಐತಿ, ಆದ್ರ ಕುಂಕುಮ ಹಚ್ಚಿದ್ರ ಬರ್ತಾಳ.”

ಉಡಿ ಕಟ್ಟುವುದು ಹೆಂಗಸರ ಕೆಲಸ. ಆವತ್ತು ಅಪ್ಪ ತಾನೇ ಕೂತು ಕಟ್ಟಿದ. ಅಕ್ಕಿಯನ್ನು ಮೊರಕ್ಕೆ ಸುರಿದು, ಕಣ್ಣಿಗೆ ಹತ್ತಿರ ಹಿಡಿದು, ನುಚ್ಚು ಆರಿಸಿದ. ಕೊಬ್ಬರಿ ಬಟ್ಟಲು, ಅರಿಶಿನ ಕೊಂಬು, ಉತ್ತತ್ತಿ, ಅಡಿಕೆ. ಕೊಟ್ಟೂರಿನಿಂದ ತಾನೇ ಆರಿಸಿ ತಂದ ಹಸಿರು ಖಣ. ಅವ್ವ ಉಜ್ಜಿನಿಗೆ ಹೋದಾಗ ಕೊಂಡಿದ್ದ ಹಿತ್ತಾಳೆಯ ಕುಂಕುಮದ ಬಟ್ಟಲನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಬೆಳಗಿದ್ದ. ನಾನು ಬಾಗಿಲಿಗೆ ಒರಗಿ ನೋಡುತ್ತ ನಿಂತಿದ್ದೆ. ನನ್ನನ್ನು ಕೂಡ್ಲಿಗಿಯಲ್ಲೇ ಕೊಟ್ಟಿದ್ದರು, ಎರಡು ಓಣಿ ಆಚೆ. ದಿನಾ ಬಂದು ಹೋಗುವ ಮಗಳಿಗೆ ಯಾರು ಕರೆ ಕಳಿಸುತ್ತಾರೆ? ಅವ್ವನ ಕೊನೆಯ ದಿನಗಳಲ್ಲಿ ಅವಳ ಹಾಸಿಗೆ ಒಗೆದವಳು ನಾನು, ಅಪ್ಪನಿಗೆ ರೊಟ್ಟಿ ಬಡಿದು ಇಟ್ಟು ಹೋಗುತ್ತಿದ್ದವಳು ನಾನು — ಬೇಡ. ಇದನ್ನು ಹೊಡೆದು ಹಾಕಬೇಕೆಂದಿದ್ದೆ. ಇರಲಿ. ಆ ಹೊತ್ತು ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಇದೇ.

ಕೊಟ್ಟೂರಿನಲ್ಲಿ ಬಸ್ಸು ಬದಲಿಸಿ ಇಟ್ಟಿಗಿಗೆ ಬಂದಾಗ ಬಿಸಿಲು ನೆತ್ತಿಯ ಮೇಲಿತ್ತು. ನಿಮ್ಮ ಮನೆಯ ಎದುರಿನ ಹಿಟ್ಟಿನ ಗಿರಣಿಯ ನೆರಳಿನಲ್ಲಿ ನಿಂತು ಸೆರಗು ಸರಿ ಮಾಡಿಕೊಂಡೆ. ಕರೆಂಟು ಹೋಗಿತ್ತು, ಗಿರಣಿ ನಿಂತಿತ್ತು. ಅದಕ್ಕೇ ನಿಮ್ಮ ಕಟ್ಟೆಯ ಮಾತು ಅಷ್ಟು ಸ್ಪಷ್ಟವಾಗಿ ಕೇಳಿಸಿತು. ಓಣಿಯ ಹೆಂಗಸರ ಜೊತೆ ಕೂತು ನೀನು ಶೇಂಗಾ ಸುಲಿಯುತ್ತಿದ್ದೆ. ಬೆನ್ನು ನನ್ನ ಕಡೆಗಿತ್ತು.

“ಏನ ನಾಗಕ್ಕ, ತವರುಮನಿಯಾಗ ಕುಬಸಂತಲ್ಲ, ಕರಿಯಾಕ ಯಾರೂ ಬಂದಿಲ್ಲೇನು?”

“ಬರ್ತಾರ ಬಿಡ್ರಿ,” ಅಂದೆ ನೀನು. “ನಮ್ಮ ಸುವರ್ಣಿ ಬರಬೇಕು. ಅದು ಅಪ್ಪನ ಮನಿ ಬೆಕ್ಕು. ಬೆಚ್ಚನ ಒಲಿ ಬಿಟ್ಟು ಜಲ್ದಿ ಏಳಬೇಕಲ್ಲ!”

ಎಲ್ಲರೂ ನಕ್ಕರು. ನೀನೂ ನಕ್ಕೆ. ಒಬ್ಬಾಕೆ “ಹಾಲು ಇಡ್ರಿ ಮತ್ತ, ವಾಸನಿಗೆ ಬರ್ತೈತಿ” ಅಂದಳು. ಮತ್ತೆ ನಕ್ಕಿರಿ.

ನನಗೆ ‘ಬೆಕ್ಕು’ ಎಂಬುದು ಕೇಳಿಸಿತು. ಬೇರೇನೂ ಕೇಳಿಸಲಿಲ್ಲ. ನಾವು ಚಿಕ್ಕವರಿದ್ದಾಗಲೂ ನೀನು ನನ್ನನ್ನು ಹಾಗೇ ಕರೆಯುತ್ತಿದ್ದೆ, ಒಲೆಯ ಮುಂದೆ ಮುದುಡಿ ಮಲಗುತ್ತಿದ್ದೆನೆಂದು. ಆಗ ನಾನೂ ನಗುತ್ತಿದ್ದೆ. ಆದರೆ ಆವತ್ತು ಆ ಹೆಂಗಸರ ಮುಂದೆ — ಕಿವಿ ಕಾದು ಹೋಯಿತು. ‘ಬರ್ತಾರ ಬಿಡ್ರಿ’ ಎಂದು ನೀನು ನಮ್ಮ ಪರವಾಗಿ ಆಡಿದ ಮಾತು, ನನ್ನ ದಾರಿ ನೋಡುತ್ತಿದ್ದೀಯೆಂಬ ಮಾತು, ನನಗೆ ಕೇಳಿಸಲು ಎಷ್ಟೋ ವರ್ಷ ಬೇಕಾಯಿತು. ಈಗ ಅದೊಂದೇ ಕೇಳಿಸುತ್ತದೆ. ಶೇಂಗಾದ ಸಿಪ್ಪೆ ಒಡೆಯುವ ಸದ್ದಿನ ಸಮೇತ.

ಬಂದ ದಾರಿಯಲ್ಲೇ ತಿರುಗಿದೆ. ಕೊಟ್ಟೂರಿನ ಬಸ್‌ಸ್ಟ್ಯಾಂಡಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಇಟ್ಟಿಗಿಯ ಕಡೆ ಇನ್ನೊಂದು ಬಸ್ಸು ಬಂದು ನಿಂತಿತು, ಕಂಡಕ್ಟರ್ ಕೂಗಿದ, ಹೋಯಿತು. ಅದನ್ನು ಹತ್ತಬಹುದಿತ್ತು. ನೋಡುತ್ತ ಕೂತಿದ್ದೆ.

ಮನೆಗೆ ಬಂದಾಗ ಅಪ್ಪ ಪಡಸಾಲೆಯ ಮಂಚದ ಮೇಲೆ ಕೂತಿದ್ದ.

“ಏನಂದ್ಲವ್ವ?”

“ಬರಲ್ಲಂತ.”

ಇಷ್ಟಕ್ಕೇ ನಿಂತಿದ್ದರೆ ತಿದ್ದಬಹುದಿತ್ತೇನೋ. ನಾಲ್ಕು ದಿನ ಬಿಟ್ಟು ಬಸವರಾಜನೇ ಹೋಗುತ್ತಿದ್ದ, ನೀನು ಬರುತ್ತಿದ್ದೆ, ನನಗೆ ಬೈಗುಳ ಬೀಳುತ್ತಿತ್ತು, ಮುಗಿಯುತ್ತಿತ್ತು. ಆದರೆ ಅಪ್ಪ ನನ್ನ ಕೈಯ ಚೀಲ ನೋಡಿದ. ಕಟ್ಟಿದ ಗಂಟು ಕಟ್ಟಿದ ಹಾಗೇ ಇತ್ತು.

“ಉಡಿ?”

ಮಗಳು ಎಷ್ಟೇ ಸಿಟ್ಟಿನಲ್ಲಿರಲಿ, ಕಾರ್ಯಕ್ಕೆ ಬಾರದೇ ಇರಲಿ, ತವರಿನ ಉಡಿಗೆ ಸೆರಗು ಒಡ್ಡುತ್ತಾಳೆ. ಅದನ್ನು ಬೇಡ ಅಂದರೆ ತವರೇ ಬೇಡ ಅಂದಂತೆ. ಇದು ನನಗೆ ಗೊತ್ತಿತ್ತು. ಚೆನ್ನಾಗಿಯೇ ಗೊತ್ತಿತ್ತು.

“ಅದನ್ನೂ ಬ್ಯಾಡ ಅಂದ್ಲು.”

ಅಪ್ಪ “ಹಂಗಂದ್ಲಾ” ಅಂದ. ಮತ್ತೆ, ನನ್ನನ್ನಲ್ಲ, ಗೋಡೆಯನ್ನು ಕೇಳುವವನ ಹಾಗೆ, “ನಮ್ಮ ನಾಗಿ ಹಂಗಂದ್ಲಾ?” ಅಂದ. ಎದ್ದು ಚೀಲ ತೆಗೆದುಕೊಂಡ. ಒಳಗೆ ಹೋಗಿ ಬಂದ. ಮಗಳ ಹೆಸರಿನಲ್ಲಿ ಕಟ್ಟಿದ ಅಕ್ಕಿಯನ್ನು ಮತ್ತೆ ಅಡುಗೆಮನೆಯ ಡಬ್ಬಿಗೆ ಸುರಿಯುವಂತಿಲ್ಲ, ಹೊರಗೆ ಚೆಲ್ಲುವಂತಿಲ್ಲ. ಎಲ್ಲಿಡಬೇಕೆಂದು ತಿಳಿಯದೆ ಮನೆಯೆಲ್ಲ ತಿರುಗಿ, ಕೊನೆಗೆ ತನ್ನ ಮಂಚದ ಮೇಲಿನ ಗೂಟಕ್ಕೆ ತೂಗುಹಾಕಿದ.

ಬಸವರಾಜ ಕೂಗಾಡಿದ. ಇನ್ನು ಆ ಮನೆಗೆ ಯಾರೂ ಹೋಗಕೂಡದು ಅಂದ. ಅಪ್ಪ ಒಂದೇ ಮಾತು ಹೇಳಿದ: “ಉಡಿ ಮಾತು ಈ ಹೊಸ್ತಿಲು ದಾಟಬಾರದು. ಅಕಿ ಮಾನ ಹೋಗ್ತೈತಿ.” ಅದಕ್ಕೇ ಅಕ್ಕಾ, ಇಷ್ಟು ವರ್ಷ ಯಾರ ಬಾಯಿಂದಲೂ ಅದು ನಿನಗೆ ಮುಟ್ಟಲಿಲ್ಲ. ಅಪ್ಪ ನಿನ್ನ ಮಾನ ಕಾಯುತ್ತಿದ್ದೇನೆ ಅಂದುಕೊಂಡ. ಅವನು ಕಾದದ್ದು ನನ್ನ ಸುಳ್ಳನ್ನು.

ಒಂದು ಸಂಗತಿ ಬರೆಯದೆ ಬಿಡಬಾರದು. ಮಳೆಗಾಲ ಬಂದಾಗ ಆ ಅಕ್ಕಿಗೆ ಹುಳ ಬಿತ್ತು. ಒಂದು ಮುಂಜಾನೆ ನಾನು ಹೋದಾಗ ಅಪ್ಪ ಅಂಗಳದ ಎಳೆಬಿಸಿಲಿನಲ್ಲಿ ಮೊರದ ತುಂಬ ಅಕ್ಕಿ ಹರಡಿಕೊಂಡು ಹುಳ ಆರಿಸುತ್ತಿದ್ದ. ಒಂದೊಂದನ್ನೇ ಹಿಡಿದು ಪಕ್ಕಕ್ಕೆ ಬಿಡುತ್ತಿದ್ದ. ಆರಿದ ಮೇಲೆ ಮತ್ತೆ ತುಂಬಿ, ಖಣ ಮಡಿಚಿಟ್ಟು, ಗಂಟು ಹಾಕಿ ಗೂಟಕ್ಕೆ ಹಾಕಿದ. ಪ್ರತಿ ವರ್ಷ ಹೀಗೇ ಮಾಡಿದ. ಅಕ್ಕಿ ಪುಡಿಯಾಗುತ್ತ ಬಂತು, ಚೀಲ ಸಣ್ಣದಾಗುತ್ತ ಬಂತು. ನಾನು ಪಕ್ಕದಲ್ಲೇ ಕೂತಿರುತ್ತಿದ್ದೆ. “ನಿನ್ನ ಕಣ್ಣು ಚುರುಕು, ನೋಡವ್ವ ಇನ್ನ ಅದಾವೇನು” ಎಂದು ಮೊರವನ್ನು ನನ್ನ ಕಡೆ ಸರಿಸುತ್ತಿದ್ದ. ನಾನು ನೋಡಿ ಹೇಳುತ್ತಿದ್ದೆ. ಹುಳವನ್ನು ತೋರಿಸುತ್ತಿದ್ದೆ, ಅಕ್ಕಾ. ಅಷ್ಟನ್ನು ಮಾತ್ರ.

ಈಗಲೂ ನನ್ನ ಮನೆಯಲ್ಲಿ ಅಕ್ಕಿ ಹಸನು ಮಾಡಲು ಕೂತರೆ ಆ ಹಳೆಯ ಅಕ್ಕಿಯ ವಾಸನೆ ಬರುತ್ತದೆ. ಸೊಸೆಗೆ ಬರುವುದಿಲ್ಲವಂತೆ.

ಅಪ್ಪ ತೀರಿದಾಗ ನೀನು ಬಂದೆ. ಸಾವಿಗೆ ಯಾರೂ ಕುಂಕುಮ ತಂದು ಕರೆಯಬೇಕಿಲ್ಲ. ಪಡಸಾಲೆಯ ಗೋಡೆಗೆ ಆನಿಸಿ ಅಪ್ಪನನ್ನು ಕೂರಿಸಿದ್ದರು. ನೀನು ಅವನ ಮೊಣಕಾಲು ಹಿಡಿದು, “ಒಂದು ಸಲ ಕರೀಬಾರದಾಗಿತ್ತಾ ಅಪ್ಪಾ” ಎಂದು ಅತ್ತೆ. ಬಸವರಾಜ ಆ ಹೊತ್ತು ಓಣಿಯಲ್ಲಿ ಗಂಡಸರ ಜೊತೆಗಿದ್ದ, ಕೇಳಿಸಿಕೊಳ್ಳಲಿಲ್ಲ. ಒಳಗೆ ಬಂದವನು ನಿನ್ನನ್ನು ಕಂಡು ಮುಖ ತಿರುಗಿಸಿದ. ನಾನು ಕೇಳಿಸಿಕೊಂಡಿದ್ದೆ. ನಿನ್ನ ಪಕ್ಕದಲ್ಲೇ ಇದ್ದೆ, ನಿನ್ನ ಬೆನ್ನ ಮೇಲೆ ಕೈ ಇಟ್ಟಿದ್ದೆ. ಆ ಚೀಲ ನಿನ್ನ ತಲೆಯ ಮೇಲೆಯೇ ತೂಗುತ್ತಿತ್ತು. ನೀನು ಕತ್ತೆತ್ತಿದ್ದರೆ — ಎತ್ತಲಿಲ್ಲ. ಮಣ್ಣು ಮುಗಿದ ಮೇಲೆ ನೀರೂ ಕುಡಿಯದೆ ಹೊರಟುಹೋದೆ. ‘ನೋಡಿದ್ಯಾ ಸೊಕ್ಕು’ ಅಂದ ಬಸವರಾಜ. ನಾನು ಪಾತ್ರೆಗಳನ್ನು ಎತ್ತಿಡುತ್ತಿದ್ದೆ. ಎತ್ತಿಡುತ್ತಲೇ ಇದ್ದೆ.

ಈಗ ಪವಿತ್ರ. ಆವತ್ತು ಯಾರ ಕುಬಸವಾಯಿತೋ ಆ ಗಂಗಾಳ ಹೊಟ್ಟೆಯಲ್ಲಿದ್ದ ಕೂಸು, ಈಗ ಕಾಲೇಜಿಗೆ ಹೋಗುತ್ತಾಳೆ. ಅಜ್ಜನ ಮಕ್ಕಳು, ಮೊಮ್ಮಕ್ಕಳು, ಹಡಗಲಿಯವರು, ಹರಪನಹಳ್ಳಿಯವರು ಎಲ್ಲರೂ ಒಂದು ದಿನ ಕೂಡ್ಲಿಗಿಯಲ್ಲಿ ಸೇರಬೇಕೆಂದು ಹಟ ಹಿಡಿದವಳು ಅವಳೇ. ನಾಡಿದ್ದು ಭಾನುವಾರ. ಅಂಗಳಕ್ಕೆ ಪೆಂಡಾಲು, ಗೋಧಿಹುಗ್ಗಿ, ಎಣ್ಣೆಗಾಯಿ. ನಿನ್ನೆ ನಾಲ್ಕೈದು ಹೆಂಗಸರು ಬಸವರಾಜನ ಹಿತ್ತಲಲ್ಲಿ ಒಲೆ ಹೂಡಿ ಕಟಕ ರೊಟ್ಟಿ ಬಡಿಯುತ್ತಿದ್ದೆವು. ಪವಿತ್ರ ಕೈಯಲ್ಲಿ ಫೋನು ಹಿಡಿದುಕೊಂಡೇ ಬಂದು ಕೂತಳು.

“ಇಟ್ಟಿಗಿ ದೊಡ್ಡತ್ತಿಗೂ ಫೋನ್ ಮಾಡಿದ್ನೆವ್ವ. ಯಾರಿಗೂ ಹೇಳಿರಲಿಲ್ಲ.”

ಗಂಗಾ ಬಡಿಯುವುದನ್ನು ನಿಲ್ಲಿಸಿದಳು. “ಏನಂದ್ರು?”

“‘ಫೋನಿನ್ಯಾಗ ಕರದ್ರ ಹೆಂಗ ಬರಲವ್ವ? ನಿಮ್ಮಜ್ಜನ ಮನಿಯಿಂದ ನನಗ ಕುಂಕುಮನ ಬಂದಿಲ್ಲ. ಬಂದ್ರ ಈಗಲೂ ಬರ್ತೀನಿ’ ಅಂದ್ರು. ಅತ್ತಂಗ ಕೇಳ್ತು.”

“ಬಂದಿಲ್ಲಂತ?” ಗಂಗಾಳ ದನಿ ಏರಿತು. “ಸುವರ್ಣಕ್ಕ ತಗೊಂಡು ಹೋಗಿದ್ರಲ್ಲ! ಉಡೀನ ಬ್ಯಾಡ ಅಂದಾಕಿ ಈಗ ಹಿಂಗ ಹೇಳ್ತಾಳ?”

“ಯಾವ ಉಡಿ?” ಎಂದು ಕೇಳಿದಳು ಪವಿತ್ರ. ಕೇಳಿ ನನ್ನ ಕಡೆ ತಿರುಗಿದಳು.

ಎಲ್ಲರೂ ನನ್ನನ್ನೇ ನೋಡಿದರು. ನನ್ನ ಹಂಚಿನ ಮೇಲಿನ ರೊಟ್ಟಿ ಕರಕಾಗಿ ಹೊಗೆಯೇಳುತ್ತಿತ್ತು. ನಾನು ಏನು ಹೇಳಿದೆ ಗೊತ್ತೇ? “ರೊಟ್ಟಿ ಹೊತ್ತಿತು ನೋಡ್ರಿ” ಅಂದೆ. ಇಷ್ಟು ವರ್ಷಗಳ ಮೇಲೂ ನನ್ನ ಬಾಯಿಂದ ಮೊದಲು ಬಂದದ್ದು ಅದು. ಪವಿತ್ರ ಮಾತ್ರ ಕಣ್ಣು ತೆಗೆಯಲಿಲ್ಲ. ಆ ಹುಡುಗಿಯ ಹುಬ್ಬು ಅಪ್ಪನದೇ. ಗೋಡೆಯನ್ನು ಕೇಳಿದಾಗ ಅಪ್ಪನ ಹುಬ್ಬು ಹಾಗೇ ಕೂಡಿತ್ತು.

ಇವತ್ತು ಮುಂಜಾನೆ ಬಸವರಾಜನಿಗೆ ಹೇಳಿದೆ. ಅವನು ಅಂಗಳದಲ್ಲಿ ಹುಗ್ಗಿಯ ಕೊಪ್ಪರಿಗೆ ತೊಳೆಸುತ್ತಿದ್ದ. ಗಿರಣಿಯ ನೆರಳಿನಿಂದ ಗೂಟದವರೆಗೆ ಎಲ್ಲ ಹೇಳಿದೆ. ಬೈಯುತ್ತಾನೆ ಅಂದುಕೊಂಡಿದ್ದೆ — ಬೈಯಲಿ ಎಂದು ಬಯಸಿದ್ದೆ. ಅವನು ಕಟ್ಟೆಯ ಮೇಲೆ ಕೂತುಬಿಟ್ಟ.

“ಅಪ್ಪ ಸಾಯೋತನಕ ಅಕ್ಕಿ ಆರಿಸಿದ,” ಅಂದ. ಮತ್ತೆ, “ಅಕ್ಕ ಹೆಣದ ಮುಂದ ಅತ್ತದ್ದು… ನಾ ಮಾರಿ ತಿರುವಿದೆ” ಅಂದ. ಆಮೇಲೆ ಒಳಗೆ ಹೋಗಿ ಅಟ್ಟದಿಂದ ಆ ಚೀಲ ತಂದು ನನ್ನ ಮುಂದಿಟ್ಟ. ಅಪ್ಪ ಹೋದ ಮೇಲೆ ಉಳಿದ ಅಕ್ಕಿಯನ್ನು ಹರಿಯುವ ನೀರಿಗೆ ಬಿಟ್ಟಿದ್ದನಂತೆ. ಬಟ್ಟಲು ಇತ್ತು, ಕಪ್ಪಾಗಿತ್ತು. ಖಣ ಇತ್ತು. ಮಡಿಕೆ ಬಿದ್ದ ಕಡೆ ಹಸಿರು ಬಿಳಿಚಿದೆ.

“ನೀನ ಹೋಗಬೇಕು. ಒಬ್ಬಾಕೀನ ಹೋಗಬೇಕು” ಅಂದ. ಕಣ್ಣೆತ್ತಿ ನೋಡಲಿಲ್ಲ.

ಪವಿತ್ರ “ಅತ್ತಿ, ನಾ ಬರ್ಲೇನು?” ಎಂದು ಬಾಗಿಲವರೆಗೂ ಬಂದಳು. ಬೇಡ ಅಂದೆ.

ಬಟ್ಟಲು ಬೆಳಗಿದ್ದೇನೆ. ಹೊಸ ಅಕ್ಕಿ ಹಸನು ಮಾಡಿದ್ದೇನೆ. ನಾಳೆ ಮೊದಲ ಬಸ್ಸಿಗೆ ಬರುತ್ತೇನೆ. ಗಿರಣಿಯ ನೆರಳಿನಲ್ಲಿ ನಿಲ್ಲುವುದಿಲ್ಲ. ನಿನ್ನ ಹೊಸ್ತಿಲಿನ ಹೊರಗೆ ನಿಂತು ಮೊದಲು ಇದೆಲ್ಲ ಹೇಳುತ್ತೇನೆ, ಆಮೇಲೆ ಬಟ್ಟಲು ಹೊರತೆಗೆಯುತ್ತೇನೆ. ನಿನ್ನ ಹಣೆಗೆ ಕುಂಕುಮ ಹಚ್ಚಿದ ಮೇಲೆ ಹೇಳಿದರೆ ಅದು ಇನ್ನೊಂದು ಮೋಸ. ಆ ಹೆಂಗಸರು ಕಟ್ಟೆಯ ಮೇಲಿದ್ದರೆ ಇರಲಿ. ಅವರ ಮುಂದೆಯೇ ಹೇಳುತ್ತೇನೆ.

ನೀನು ಸೆರಗು ಒಡ್ಡುತ್ತೀಯೋ ಇಲ್ಲವೋ ನನಗೆ ಗೊತ್ತಿಲ್ಲ. ಒಡ್ಡು ಎಂದು ಕೇಳುವ ಬಾಯಿ ನನಗಿಲ್ಲ. ನೀನು ಬೇಡ ಅಂದರೆ ಚೀಲವನ್ನು ಕಟ್ಟಿದ ಹಾಗೇ ಕೂಡ್ಲಿಗಿಗೆ ತರುತ್ತೇನೆ. ಭಾನುವಾರ, ಪೆಂಡಾಲಿನಲ್ಲಿ ಎಲ್ಲರೂ ಎಲೆಯ ಮುಂದೆ ಕೂತಾಗ, ಬಡಿಸುವ ಮೊದಲು ಎದ್ದು ನಿಂತು ಹೇಳುತ್ತೇನೆ: ಆವತ್ತು ಅಕ್ಕ ಬೇಡ ಅಂದಿರಲಿಲ್ಲ. ನಿನ್ನೆ ಅಂದಳು. ನಾನು ಕೇಳಿ ಬಂದಿದ್ದೇನೆ.