ಹೊಂಬಾಳಮ್ಮ ಮತ್ತು ನೀರು ಕುಡಿಯದ ಹುಡುಗಿಯರು

ಬಸರಾಳು ಹೋಬಳಿಯ ಒಂದು ಪ್ರೌಢಶಾಲೆಯಲ್ಲಿ ನಾನು ವಿಜ್ಞಾನ ಹೇಳಿಕೊಡುತ್ತೇನೆ. ಹೆಸರು ಅರುಂಧತಿ. ಮೂತ್ರಪಿಂಡದ ಪಾಠವನ್ನು ಹನ್ನೊಂದು ವರ್ಷದಿಂದ ಮಾಡುತ್ತಿದ್ದೇನೆ. ಅದರ ಚಿತ್ರ ಬರೆದು ಭಾಗ ಗುರುತಿಸುವುದರಲ್ಲಿ ನಮ್ಮ ಶಾಲೆಯ ಹುಡುಗಿಯರನ್ನು ಮೀರಿಸುವವರಿಲ್ಲ ಎಂಬ ಜಂಬ ನನಗಿತ್ತು. ಆ ಹುಡುಗಿಯರೇ ಬೆಳಗ್ಗೆಯಿಂದ ಸಂಜೆಯವರೆಗೆ ಒಂದು ಗುಟುಕು ನೀರನ್ನೂ ಕುಡಿಯುವುದಿಲ್ಲ ಎಂಬುದು ಗೊತ್ತಾಗಿದ್ದು ನನಗಲ್ಲ, ಬಿಸಿಯೂಟ ಮಾಡುವ ಹೊಂಬಾಳಮ್ಮನಿಗೆ.

ಹೊಂಬಾಳಮ್ಮನಿಗೆ ಐವತ್ತು ದಾಟಿದೆ. ಓದಿದ್ದು ಐದನೇ ಕ್ಲಾಸು. ಬಡಿಸಿದ ಮೇಲೆ ಒಳಗೆ ಹೋಗಿ ಕೂರುವವರಲ್ಲ. ಯಾರು ಅನ್ನ ಬಿಟ್ಟರು, ಯಾರಿಗೆ ಇನ್ನೊಂದು ಸೌಟು ಬೇಕು ಎಂದು ನೋಡುತ್ತಾ ನಿಂತಿರುತ್ತಾರೆ. ಹಾಗೆ ನೋಡುತ್ತಲೇ ಒಂದು ಸಂಗತಿ ಅವರ ಕಣ್ಣಿಗೆ ಬಿತ್ತು. ಊಟವಾದ ಮೇಲೆ ಹುಡುಗರು ನಲ್ಲಿಗೆ ಬಾಯಿ ಹಚ್ಚಿ ಕುಡಿಯುತ್ತಾರೆ. ಹುಡುಗಿಯರು ತಟ್ಟೆ ತೊಳೆದು, ಬಾಯಿ ಮುಕ್ಕಳಿಸಿ, ಹೊರಟುಬಿಡುತ್ತಾರೆ. ನೀರು ರುಚಿಯಿಲ್ಲವೇನೋ ಎಂದು ತಾವೇ ಕುಡಿದು ನೋಡಿದರು. ಚೆನ್ನಾಗಿಯೇ ಇತ್ತು. ಅಂಜುಮ್ ಎನ್ನುವ ಹುಡುಗಿಯನ್ನು ಕರೆದು ಕೇಳಿದರೆ ಅವಳು ನಕ್ಕು ಓಡಿಹೋದಳು.

ಫೆಬ್ರವರಿ ಕೊನೆಯಲ್ಲಿ ಹತ್ತನೇ ಕ್ಲಾಸಿನ ದೀಪಿಕ ನಲ್ಲಿಯ ಹತ್ತಿರ ಕುಸಿದು ಬಿದ್ದಳು. ಮೈ ಕೆಂಡದಂತೆ ಸುಡುತ್ತಿತ್ತು, ಹೊಟ್ಟೆ ಹಿಡಿದುಕೊಂಡು ನರಳುತ್ತಿದ್ದಳು. ಅವಳ ಮನೆಗೆ ಫೋನ್ ಮಾಡಿ, ಹೊಂಬಾಳಮ್ಮನೂ ನಾನೂ ಆಟೋದಲ್ಲಿ ಮಂಡ್ಯದ ಆಸ್ಪತ್ರೆಗೆ ಕರೆದೊಯ್ದೆವು. ಮೂತ್ರದ ಸೋಂಕು ಕಿಡ್ನಿಗೆ ಏರಿದೆ ಎಂದರು ಡಾಕ್ಟರು. ದಿನಕ್ಕೆ ಎಷ್ಟು ಸಲ ಮೂತ್ರಕ್ಕೆ ಹೋಗುತ್ತೀಯ ಎಂದು ಕೇಳಿದರು. ಬೆಳಗ್ಗೆ ಮನೆ ಬಿಡುವಾಗ, ಆಮೇಲೆ ಸಂಜೆ ಮನೆಗೆ ಹೋದಾಗ ಎಂದಳು ದೀಪಿಕ. ನಡುವೆ? ಅವಳು ನನ್ನ ಮುಖ ನೋಡಿ ತಲೆ ತಗ್ಗಿಸಿದಳು.

ಹಾಸಿಗೆಯ ಪಕ್ಕ ಕೂತು ಹೊಂಬಾಳಮ್ಮ ಅವಳ ತಲೆ ಸವರುತ್ತಾ ಕೇಳಿದಾಗ ಎಲ್ಲ ಹೊರಬಂತು. ಹುಡುಗಿಯರ ಶೌಚಾಲಯದ ಬೀಗದ ಕೈ ಹೆಡ್‌ಮಾಸ್ಟರ ಮೇಜಿನ ಡ್ರಾಯರಿನಲ್ಲಿ. ಅಲ್ಲಿ ಯಾವಾಗಲೂ ಇಬ್ಬರು ಮೂವರು ಗಂಡು ಮೇಷ್ಟ್ರುಗಳು ಕೂತಿರುತ್ತಾರೆ. ಅವರೆದುರು ಕೈ ಚಾಚುವುದು ಹೇಗೆ? ಬೀಗ ತೆಗೆಸಿದರೂ ಬಾಗಿಲಿಗೆ ಒಳಚಿಲಕವಿಲ್ಲ, ಗೆಳತಿಯೊಬ್ಬಳು ಹೊರಗೆ ಹಿಡಿದು ನಿಲ್ಲಬೇಕು. ನೀರೇ ಕುಡಿಯದಿದ್ದರೆ ಆ ಗೋಜೇ ಇಲ್ಲ ಎಂದು ಹುಡುಗಿಯರೆಲ್ಲ ಸೇರಿ ಉಪಾಯ ಕಂಡುಕೊಂಡಿದ್ದರು. ಮುಟ್ಟಿನ ದಿನಗಳಲ್ಲಂತೂ ಬಹಳ ಮಂದಿ ಶಾಲೆಗೇ ಬರುತ್ತಿರಲಿಲ್ಲ. ನಮ್ಮ ಸಿಬ್ಬಂದಿಯ ಶೌಚಾಲಯ ಬೇರೆ ಕಡೆ ಇತ್ತು. ಹನ್ನೊಂದು ವರ್ಷದಲ್ಲಿ ಒಂದು ದಿನವೂ ನಾನು ಹುಡುಗಿಯರ ಶೌಚಾಲಯದ ಕಡೆ ಹೋಗಿ ನೋಡಿರಲಿಲ್ಲ.

ಹೆಡ್‌ಮಾಸ್ಟರ್ ಶಿವಣ್ಣನವರು ಕೆಟ್ಟವರಲ್ಲ. ಸಂಜೆ ಹೊತ್ತು ಯಾರೋ ಒಳನುಗ್ಗಿ ಬಾಗಿಲು, ನಲ್ಲಿ ಮುರಿದುಹಾಕಿದ್ದರಿಂದ ಬೀಗ ಹಾಕಿಸಿದ್ದರು. ಅದರಿಂದ ಹೀಗಾದೀತು ಎಂದು ಅವರಿಗೂ ಹೊಳೆದಿರಲಿಲ್ಲ.

ಆ ಶನಿವಾರ ಶಾಲಾ ಸಮಿತಿಯ ಸಭೆಯಿತ್ತು. ವಿಷಯವನ್ನು ನಾನೇ ಎತ್ತುತ್ತೇನೆ ಎಂದುಕೊಂಡು ಹೋಗಿದ್ದೆ. ಸುತ್ತ ಕೂತ ಗಂಡಸರನ್ನು ನೋಡಿ ನಾಲಿಗೆ ಏಳಲಿಲ್ಲ. ಹೊಂಬಾಳಮ್ಮ ಟೀ ತಂದವರು, ತಟ್ಟೆಯನ್ನು ಮೇಜಿನ ಮೇಲಿಟ್ಟು ಅಲ್ಲೇ ನಿಂತರು.

"ಸ್ವಾಮಿ, ಒಂದು ಮಾತದೆ. ಉಚ್ಚೆ ಉಯ್ಯಕ್ಕೆ ಬೀಗದ ಕೈ ಕೇಳ್ಬೇಕಲ್ಲ ಅಂತ ಎಣ್ಮಕ್ಳು ನೀರೇ ಕುಡೀತಿಲ್ಲ. ಒಬ್ಳು ಆಸ್ಪತ್ರೇಲಿ ಮಲಗವ್ಳೆ."

ಎಲ್ಲರೂ ನೆಲ ನೋಡಿದರು. ಹಿರಿಯರೊಬ್ಬರು, ಇಂಥ ಮಾತು ಗಂಡಸರ ನಡುವೆ ಬೇಡ, ಆಮೇಲೆ ಮೇಡಂ ಹತ್ತಿರ ಹೇಳಿಕೋ ಎಂದರು. ಹೊಂಬಾಳಮ್ಮ ಕದಲಲಿಲ್ಲ.

"ಈ ಮಾತು ಕೇಳಕ್ಕೆ ನಿಮ್ಗೇ ಇಷ್ಟು ನಾಚ್ಕೆ ಆಯ್ತದಲ್ಲ, ಆ ಬೀಗದ ಕೈ ಕೇಳಕ್ಕೆ ಆ ಕೂಸ್ಗೆ ಎಷ್ಟಾಗ್ಬೇಕು?"

ಅಂಜುಮ್‌ಳ ತಂದೆ, ಬಸರಾಳಿನಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿರುವ ಬಾಬು ಜಾನ್, ನನ್ನ ಮಗಳೂ ಹೀಗೇನಾ ಎಂದು ನನ್ನನ್ನು ಕೇಳಿದರು. ಹೌದೆಂದೆ. ಅವರು ಎದ್ದು ಹೋಗಿ ಬಾಗಿಲುಗಳನ್ನು ನೋಡಿಕೊಂಡು ಬಂದರು. ಸೋಮವಾರ ಬೆಳಗ್ಗೆ ಪ್ರಾರ್ಥನೆಗೆ ಮುಂಚೆಯೇ ಸಾಮಾನು ಹೊತ್ತು ಬಂದು, ಮೂರು ಬಾಗಿಲಿಗೂ ಒಳಚಿಲಕ ಕೂರಿಸಿದರು. ಸಂಜೆ ಬೀಗ ಹಾಕಲು ಮುಂದೊಂದು ಕಬ್ಬಿಣದ ಗೇಟನ್ನೂ ನಿಲ್ಲಿಸಿದರು. ಶಾಲೆ ನಡೆಯುವಷ್ಟು ಹೊತ್ತೂ ಅದು ತೆರೆದೇ ಇರಬೇಕೆಂದು ಶಿವಣ್ಣನವರು ಹೇಳಿದರು. ಶುಚಿ ಮಾಡಲು ಪಂಚಾಯಿತಿಯವರು ಪಟ್ಟಲಮ್ಮ ಎಂಬವರನ್ನು ಗೊತ್ತುಮಾಡಿದರು.

ಆದರೂ ಹುಡುಗಿಯರು ನೀರು ಕುಡಿಯಲಿಲ್ಲ. ವರ್ಷಗಟ್ಟಲೆ ಕಟ್ಟಿಕೊಂಡ ಅಭ್ಯಾಸ ಒಂದು ಚಿಲಕದಿಂದ ಹೋಗುತ್ತದೆಯೇ? ಹೊಂಬಾಳಮ್ಮ ದಿನಾ ಹನ್ನೊಂದು ಗಂಟೆಗೆ ಒಲೆ ಸಣ್ಣಗೆ ಮಾಡಿ, ಸೌಟಿನಿಂದ ತಟ್ಟೆ ಬಡಿಯುತ್ತಾ ಕ್ಲಾಸಿನ ಬಾಗಿಲಿಗೆ ಬರತೊಡಗಿದರು. ತಾವೂ ಒಂದು ಲೋಟ ಕುಡಿಯುವುದು, ಎಲ್ಲರೂ ಕುಡಿದು ಮುಗಿಸುವವರೆಗೆ ನಿಂತಿರುವುದು. ಪಾಠ ಕೆಡುತ್ತದೆ ಎಂದು ಮೊದಮೊದಲು ಗೊಣಗಿದ ಮೇಷ್ಟ್ರುಗಳೂ ಆಮೇಲೆ ಲೋಟ ಹಿಡಿದರು. ದೀಪಿಕ ಹತ್ತು ದಿನಕ್ಕೆ ಶಾಲೆಗೆ ಬಂದಳು, ಪರೀಕ್ಷೆ ಬರೆದು ಪಾಸಾದಳು. ಮುಂದಿನ ವರ್ಷ ನಮ್ಮ ಹಾಜರಿ ಪುಸ್ತಕದಲ್ಲಿ ಹುಡುಗಿಯರ ಗೈರು ಎಷ್ಟು ಕಡಿಮೆಯಾಗಿತ್ತೆಂದರೆ, ನಾನು ಎರಡು ಸಲ ಎಣಿಸಿ ನೋಡಿದೆ.

ಹೋದ ಜೂನ್‌ನಲ್ಲಿ ಮಂಡ್ಯದಲ್ಲಿ ಅಡುಗೆಯವರ ತರಬೇತಿ ನಡೆಯಿತು. ಹೊಂಬಾಳಮ್ಮನ ಜೊತೆಗೆ ನಾನೂ ಹೋಗಿದ್ದೆ. ಹೇಗೋ ಸುದ್ದಿ ತಿಳಿದಿದ್ದ ಅಧಿಕಾರಿಯೊಬ್ಬರು ಅವರನ್ನು ವೇದಿಕೆಗೆ ಕರೆದರು. ಹೊಂಬಾಳಮ್ಮ ಮೈಕ್ ಹತ್ತಿರ ಹೋಗಿ, ಅಂದು ಸಮಿತಿಯ ಸಭೆಯಲ್ಲಿ ಆಡಿದ್ದ ಮಾತಿನಿಂದಲೇ ಶುರುಮಾಡಿದರು. ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು, ಬರುಬರುತ್ತಾ ನಗು ನಿಂತಿತು. ಮುಗಿಯುವ ಹೊತ್ತಿಗೆ ಹನಕೆರೆ ಕಡೆಯ ಸೋಮಮ್ಮ ಎದ್ದು ನಿಂತು, ನಮ್ಮ ಶಾಲೆಯಲ್ಲೂ ಹುಡುಗಿಯರು ನೀರು ಮುಟ್ಟುವುದಿಲ್ಲ, ಯಾಕೆಂದು ನಾನು ಕೇಳಿಯೇ ಇರಲಿಲ್ಲ ಎಂದರು. ಆಮೇಲೆ ಇನ್ನೂ ನಾಲ್ಕು ಜನ ಎದ್ದರು.

ಹೊಂಬಾಳಮ್ಮ ಕೆಳಗಿಳಿದು ಬಂದು ನನ್ನ ಪಕ್ಕ ಕೂತರು. ಮುಂದಿನ ಸಾಲಿನವಳೊಬ್ಬಳು ತಿರುಗಿ, ಇವರು ಯಾವ ಶಾಲೆಯವರು ಎಂದು ಕೇಳಿದಳು. ಅವರು ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ, "ನಮ್ಮ ಶಾಲೆಯವರು."